ಹೆಚ್ಚು ಓಡದ ಕಾರು

"ಹ್ಯಾಂಡ್ ಬ್ರೇಕ್ ಇಳಿಸ್ದೆ ತಳ್ತಾ ಇದೀರಲ್ಲ, ಅದು ಹೇಗ್ರೋ ಬರುತ್ತೆ?"

ಅಡುಗೆಮನೆಯ ಬಾಗಿಲಿನಿಂದ ಬಂದ ಆ ದನಿಗೆ ಶೆಡ್ಡಿನಲ್ಲಿದ್ದವರೆಲ್ಲ ಕಾರಿನಿಂದ ಕೈ ತೆಗೆದು ನಿಂತರು. ತೀರಿಕೊಂಡ ಗಂಡನ ತಲೆಯ ಬಳಿ ಬೆಳಗಿನಿಂದ ಗೋಡೆಗೊರಗಿ ಕೂತಿದ್ದ ಕಂಡಕ್ಟರಮ್ಮ ಬಾಯಿ ಬಿಟ್ಟದ್ದು ಇದೇ ಮೊದಲು. ಬಸ್ಸಿನಲ್ಲಿ ಟಿಕೆಟ್ ಹರಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವಳಿಗಿದ್ದದ್ದು ಅದೊಂದೇ ಹೆಸರು.

"ಬಂದೋರಿಗೆ ಕೂರೋಕೆ ಜಾಗ ಇಲ್ಲ ಅತ್ತೆ. ಇದನ್ನ ಅಂಗಳಕ್ಕೆ ತಳ್ಳಿದ್ರೆ ಇಲ್ಲಿ ಕುರ್ಚಿ ಹಾಕ್ಬೋದು" ಎಂದ ಅಳಿಯ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

"ತಳ್ಳಿ. ಆದ್ರೆ ಕಂಡೋರ ಕೈಗೆ ಸ್ಟೇರಿಂಗ್ ಕೊಡ್ಬೇಡಿ. ನಾನು ಕೂತ್ಕೋತೀನಿ."

ಹೊದಿಕೆ ಎಳೆದಾಗ ಕಡುನೀಲಿ ಬಣ್ಣ ಮಿರಮಿರ ಮಿಂಚಿತು. ಅಕ್ಕಪಕ್ಕದ ಮನೆಯವರಲ್ಲಿ ಎಷ್ಟೋ ಮಂದಿ ಅದನ್ನು ಬಟ್ಟೆ ಹೊದ್ದ ಗುಡ್ಡೆಯಾಗಿ ಬಿಟ್ಟರೆ ಬೇರೆ ರೂಪದಲ್ಲಿ ಕಂಡವರಲ್ಲ. ಉದ್ದ ಮೂತಿ, ನೆಲಕ್ಕೆ ಅಂಟಿದಂಥ ಮೈ, ಎರಡೇ ಬಾಗಿಲು. ಮುಂದೆ ಎರಡು ಸೀಟು. ಹಿಂದೆ ಇದ್ದದ್ದು ಸೀಟು ಅನ್ನಿಸಿಕೊಳ್ಳಲು ನಾಚುವಂಥ ಒಂದು ಗೂಡು. ಇಟಲಿಯ ಕಾರು.

ಕಂಡಕ್ಟರಮ್ಮ ಮಂಡಿ ಹಿಡಿದುಕೊಂಡು, ಮೈಯನ್ನು ಒಂದು ಬದಿಗೆ ವಾಲಿಸಿ, ಡ್ರೈವರ್ ಸೀಟಿಗೆ ಇಳಿದಳು. ಬ್ರೇಕ್ ಇಳಿಸಿದಳು. ಹಿಂದಿನಿಂದ ತಳ್ಳುವವರ ಉಸಿರು ಕೇಳಿಸಿತು, ಚಕ್ರ ಮೆಲ್ಲಗೆ ಉರುಳಿತು. ಆಗ ಅವಳು ಪಕ್ಕಕ್ಕೆ ತಿರುಗಿ ನೋಡಿದಳು.

ಇಷ್ಟು ವರ್ಷದಲ್ಲಿ ಅವಳು ಈ ಬದಿಗೆ ಕೂತದ್ದೇ ಇಲ್ಲ. ಅವಳ ಸೀಟು ಅದು, ಆಚೆಯದು. ಕಂದು ಚರ್ಮದ ಮೇಲೆ ಅವಳ ಮೈಯ ತಗ್ಗು ಹಾಗೇ ಕೂತಿತ್ತು. ಸೊಂಟದ ಬಳಿ ಆಳವಾಗಿ, ಭುಜದ ಬಳಿ ತೆಳುವಾಗಿ. ಅವರು ಇಲ್ಲಿಂದ ನೋಡುತ್ತಿದ್ದದ್ದು ಇದನ್ನೇ ತಾನೇ, ಎನ್ನಿಸಿತು. ಅಂಗಳಕ್ಕೆ ಬಂದು ಕಾರು ನಿಂತರೂ ಅವಳು ಸ್ಟೇರಿಂಗ್ ಬಿಡಲಿಲ್ಲ. ಕೊನೆಗೆ ಅಳಿಯನೇ ಬಂದು ಕೈ ಹಿಡಿದು ಎಬ್ಬಿಸಬೇಕಾಯಿತು.

*

ಗಂಡ ಹೆಂಡತಿ ಇಬ್ಬರೂ ಒಂದೇ ಬಸ್ಸಿನಲ್ಲಿ ಕೆಲಸ ಮಾಡಿದವರು. ಡ್ರೈವರ್ ಆದ ಅವನು ಮುಂದೆ, ಇವಳು ಹಿಂದೆ, ನಡುವೆ ಊರಿಗೆ ಊರೇ. ದಿನವಿಡೀ ಒಂದೇ ಗಾಡಿಯಲ್ಲಿದ್ದರೂ ಒಂದು ಮಾತು ಆಡಲು ಆಗುತ್ತಿರಲಿಲ್ಲ. ಗಂಟೆಯ ಹಗ್ಗ ಎಳೆದರೆ ಅವನು ನಿಲ್ಲಿಸುತ್ತಿದ್ದ, ಮತ್ತೆ ಎಳೆದರೆ ಹೊರಡುತ್ತಿದ್ದ. ಕನ್ನಡಿಯಲ್ಲಿ ಅವಳ ಮುಖ ಸಿಕ್ಕಿದರೆ ಸಿಕ್ಕಿತು, ಇಲ್ಲವಾದರೆ ಯಾರದೋ ಬೆನ್ನು, ಯಾರದೋ ಬುಟ್ಟಿ.

ಮನೆಗೆ ಬಂದರೂ ಅದೇ ಪಾಡು. ಎರಡು ಕೋಣೆಯ ಮನೆ. ಅವಳ ಅತ್ತೆಯ ಕಿವಿ ಬಲು ಚುರುಕು. ಮೈದುನ ಹಾಲಿನಲ್ಲಿ ಮಲಗುತ್ತಿದ್ದ, ಮಗಳು ಇವರ ಮಧ್ಯೆ. ಗಂಡ ಹೆಂಡತಿ ಏನಾದರೂ ಹೇಳಿಕೊಳ್ಳಬೇಕಾದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹೇಳಿಕೊಳ್ಳಬೇಕಿತ್ತು. "ನೀರು ಸುಮ್ನೆ ಹರೀತಿದೆ" ಎಂದು ಅತ್ತೆ ಹೊರಗಿನಿಂದ ಕೂಗಿದರೆ ಮಾತು ಅಲ್ಲಿಗೇ ಮುಗಿಯಿತು.

ಬಸ್ಸಿನ ದಾರಿಯಲ್ಲಿ ಒಂದು ಹೋಟೆಲಿತ್ತು. ಅದರ ಮಾಲೀಕ ಶೋಕಿಗೆಂದು ಹಡಗಿನಲ್ಲಿ ತರಿಸಿದ್ದ ಈ ಕಾರಿನ ಗೇರ್ ಬಾಕ್ಸು ಬಂದ ಹೊಸದರಲ್ಲೇ ಕೈಕೊಟ್ಟಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಕಾರು ಹಿತ್ತಲಲ್ಲಿ ಮರದ ಕೆಳಗೆ ನಿಂತುಬಿಟ್ಟಿತು. ದಿನಾ ಬಸ್ಸಿನಿಂದ ಅದನ್ನು ನೋಡುತ್ತಿದ್ದ ಡ್ರೈವರು, ಹೋಟೆಲ್ ಮುಚ್ಚುವ ಸುದ್ದಿ ಕೇಳಿ ಹೋಗಿ ವಿಚಾರಿಸಿದ. "ಎತ್ಕೊಂಡು ಹೋಗಪ್ಪ, ಜಾಗ ಖಾಲಿಯಾದ್ರೆ ಸಾಕು" ಎಂದ ಮಾಲೀಕ. ಡಿಪೋದಲ್ಲಿ ಗಾಡಿ ರಿಪೇರಿ ಮಾಡುವ ಗೆಳೆಯ ಮೇಸ್ತ್ರಿಯ ಜೊತೆ ಸೇರಿ ಹಗ್ಗ ಕಟ್ಟಿ ಎಳೆದು ತಂದ.

"ಇಬ್ಬರು ಕೂರೋ ಕಾರು ತಂದಿದಾನೆ ಮಹಾರಾಯ! ನನ್ನ ಎಲ್ಲಿ ಕೂರಿಸ್ತಾನಂತೆ?" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೇಳಿದಳು.

ಡ್ರೈವರು ಹೆಂಡತಿಯ ಕಡೆ ನೋಡಿದ. ಅವಳಿಗೆ ಉತ್ತರ ತಿಳಿಯಿತು. ಅಡುಗೆಮನೆಗೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅವನೂ ಮೇಸ್ತ್ರಿಯೂ ರಜೆಯ ದಿನಗಳನ್ನೆಲ್ಲ ಅದರ ಕೆಳಗೆ ಮಲಗಿಯೇ ಕಳೆದರು. ಬೇರೆ ಗಾಡಿಯ ಹಲ್ಲುಚಕ್ರ ಅರೆದು ಇದಕ್ಕೆ ಕೂರಿಸಿದರು. ಮಗಳು ಶಾಲೆಗೆ ಸೇರಿದಾಗ ಬಿಚ್ಚಿದ ಎಂಜಿನ್ ಅವಳು ಗುಣಾಕಾರ ಕಲಿಯುವ ಹೊತ್ತಿಗೆ ಗುರುಗುಟ್ಟಿತು. ಆ ದಿನ ಕಂಡಕ್ಟರಮ್ಮ ಹೊಸ ಸೀರೆ ಉಟ್ಟು ಪಕ್ಕದ ಸೀಟಿನಲ್ಲಿ ಕೂತಳು. ಬೀದಿ ದಾಟಿತು, ಪೆಟ್ರೋಲ್ ಬಂಕ್ ಬಂತು, ಇಳಿಜಾರಿನ ರಸ್ತೆ ಹಿಡಿದದ್ದೇ ತಡ, ಅವಳ ಮುಖ ಬಿಳಿಚಿತು.

"ರೀ, ನಿಲ್ಸಿ. ನಿಲ್ಸಿ ಅಂದ್ರೆ!"

ಬಾಗಿಲು ತೆರೆದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ರಸ್ತೆಗೆ ಒಪ್ಪಿಸಿದಳು. ಆಮೇಲೂ ಎಷ್ಟೋ ಸಲ ನೋಡಿದರು. ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ಕಂಬ ಕೂಡ ಹಿಡಿಯದೆ ನಿಂತ ಹೆಂಗಸಿಗೆ ಕೂತು ಹೋದರೆ ತಲೆ ಸುತ್ತುತ್ತಿತ್ತು. ದೇಶದಿಂದ ದೇಶಕ್ಕೆ ಒಂದೇ ಉಸಿರಿಗೆ ಓಡಲೆಂದು ಮಾಡಿದ ಗಾಡಿಯಂತೆ ಅದು. ಈ ಮನೆಗೆ ಬಂದ ಮೇಲೆ ಅದು ಮಾಡಿದ ದೂರ ಪ್ರಯಾಣವೆಂದರೆ ಪೆಟ್ರೋಲ್ ಬಂಕಿನ ಆಚೆಯ ಇಳಿಜಾರು.

ಬೇರೆ ಯಾರಾದರೂ ಆಗಿದ್ದರೆ ಮಾರಿಬಿಡುತ್ತಿದ್ದರು. ಡ್ರೈವರು ಒಂದು ಸಂಜೆ ಶೆಡ್ಡಿನ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಆರಿಸಿ, ಬಾಗಿಲು ಮುಚ್ಚಿ ಬಂದು ಮತ್ತೆ ಕೂತ. "ಬಾ, ಎಲ್ಲಿಗೂ ಹೋಗಲ್ಲ. ಸುಮ್ನೆ ಕೂತ್ಕೋ" ಎಂದ.

ಅವಳು ಕೂತಳು. ಕಾರಿನ ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುತ್ತಿರಲಿಲ್ಲ. ಅತ್ತೆಯ ಕೆಮ್ಮು ಕೂಡ.

*

ಟ್ಯಾಕ್ಸಿಯೊಂದು ಗೇಟಿನ ಬಳಿ ನಿಂತಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಡುವಯಸ್ಸಿನವನೊಬ್ಬ, ಹಿಂದೆ ಅವನ ಹೆಂಡತಿ, ಇಳಿದರು. ಅಂಗಳದ ತುಂಬ ನಿಂತಿದ್ದ ಜನರನ್ನೂ ನಡುವೆ ಹೊಳೆಯುತ್ತಿದ್ದ ಕಾರನ್ನೂ ಕಂಡು ಅವನ ಮುಖ ಇಳಿದುಹೋಯಿತು. ಜನರ ಮಧ್ಯೆ ನುಗ್ಗಿ ಅಳಿಯನ ಬಳಿಗೆ ಬಂದ.

"ಇಷ್ಟೊಂದು ಜನಾನಾ! ನೋಡಿ ಸಾರ್, ಯಜಮಾನ್ರೇ ಫೋನಲ್ಲಿ ಮಾತು ಕೊಟ್ಟಿದಾರೆ. ನಾನು ಬರೋವರೆಗೂ ಬೇರೆ ಯಾರಿಗೂ ತೋರ್ಸಲ್ಲ ಅಂದಿದ್ರು. ಮೊದಲ ಸರದಿ ನಂದೇ."

"ಯಾವ ಸರದಿ?"

"ಕಾರಿಂದು! ಪೇಪರಲ್ಲಿ ಹಾಕಿದ್ರಲ್ಲ. ಇಟಲಿಯ ಕಾರು, ಚೆನ್ನಾಗಿ ನೋಡಿಕೊಂಡದ್ದು, ಹೆಚ್ಚು ಓಡಿಲ್ಲ, ಮಾರಾಟಕ್ಕಿದೆ ಅಂತ."

ಹೆಂಡತಿ ಅವನ ತೋಳು ಜಗ್ಗಿದಳು. ಅವಳ ಕಣ್ಣು ಮನೆಯ ತೆರೆದ ಬಾಗಿಲಿನೊಳಗೆ ಹೋಗಿತ್ತು. "ರೀ, ಬಾಯಿ ಮುಚ್ಚಿ. ಒಳಗೆ ನೋಡಿ."

ಅವನು ನೋಡಿದ. ಕನ್ನಡಕ ತೆಗೆದ. ಏನು ಮಾಡಬೇಕೋ ತೋಚದೆ ಅದನ್ನು ಒರೆಸಿದ, ಮತ್ತೆ ಹಾಕಿಕೊಂಡ. "ಅಯ್ಯೋ. ಅಯ್ಯಯ್ಯೋ. ಮೊನ್ನೆ ಮೊನ್ನೆ ಮಾತಾಡಿದ್ರಲ್ಲ... ಕ್ಷಮ್ಸಿ. ನಡಿಯೇ, ಹೋಗೋಣ."

"ನಿಲ್ಲಿ."

ಕಂಡಕ್ಟರಮ್ಮ ಹೊಸ್ತಿಲಿಗೆ ಬಂದಿದ್ದಳು. ಮಗಳು ಹಿಂದಿನಿಂದ ಅವಳ ಭುಜ ಹಿಡಿದುಕೊಂಡಿದ್ದಳು.

"ಮಾರಾಟಕ್ಕೆ ಅಂತ ಯಾರು ಹಾಕಿದ್ದು?"

ಮಗಳು ಅಳಿಯನನ್ನು ನೋಡಿದಳು, ಅಳಿಯ ಇಲ್ಲವೆಂದು ತಲೆಯಾಡಿಸಿದ. ಗೋಡೆಯ ಬಳಿ ನಿಂತಿದ್ದ ಮೇಸ್ತ್ರಿ ಮಾತ್ರ ಚಪ್ಪಲಿಯ ತುದಿ ನೋಡಿಕೊಳ್ಳುತ್ತಿದ್ದ.

"ನಾನು ಊರಾಚೆ ಕನ್ನಡಕದಂಗಡಿ ಇಟ್ಟಿದೀನಿ ಅಮ್ಮ" ಎಂದ ಬಂದವನು ತಡವರಿಸುತ್ತ. "ಯಜಮಾನ್ರೇ ಮಾತಾಡಿದ್ದು. ರೇಟಿನ ವಿಷಯ ಎತ್ತೋಕೇ ಬಿಡ್ಲಿಲ್ಲ. ಮದುವೆಯಾಗಿದೆಯಾ ಅಂತ ಕೇಳಿದ್ರು. ಆಗಿದೆ ಅಂದೆ. ಹಾಗಾದ್ರೆ ಹೆಂಡ್ತೀನೂ ಕರ್ಕೊಂಡು ಬನ್ನಿ, ಒಬ್ರೇ ಬಂದ್ರೆ ತೋರ್ಸಲ್ಲ ಅಂದ್ರು. ಇದ್ಯಾವ ಷರತ್ತಪ್ಪಾ ಅಂದ್ಕೊಂಡೆ."

ಕಂಡಕ್ಟರಮ್ಮ ತಿರುಗಿ ಒಳಗೆ ಮಲಗಿದ್ದ ಗಂಡನ ಕಡೆ ನೋಡಿದಳು.

"ಬಾ ಅಂತ ಅವರೇ ಕರೆದಿದಾರೆ. ಬಂದೋರು ನೋಡ್ಕೊಂಡೇ ಹೋಗಿ."

ಕನ್ನಡಕದಂಗಡಿಯವನು ಮುಳ್ಳಿನ ಮೇಲೆ ಕಾಲಿಟ್ಟಂತೆ ಕಾರಿನ ಬಳಿಗೆ ಹೋದ. ಆದರೂ ಆಸೆ ದೊಡ್ಡದು. ಬಾಗಿಲು ತೆರೆದು ಬಗ್ಗಿ ನೋಡುತ್ತ ನೋಡುತ್ತ ಎಲ್ಲಿದ್ದೇನೆ ಎನ್ನುವುದನ್ನೇ ಮರೆತ. ಕಣ್ಣಿಗೆ ತುಂಬ ಹತ್ತಿರ ಹಿಡಿದು ನೋಡುವುದು ಅವನ ಕಸುಬು. ಮೀಟರ್ ನೋಡಿದ. ಸೀಟಿನ ಮೇಲೆ ಬೆರಳಾಡಿಸಿದ. ಮತ್ತೆ ಮೀಟರ್ ನೋಡಿದ.

"ಇದೇನೋ ಸರಿಹೋಗ್ತಿಲ್ಲವಲ್ಲ" ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ. ಅಂಗಳ ನಿಶ್ಶಬ್ದವಾಗಿದ್ದರಿಂದ ಅದು ಎಲ್ಲರಿಗೂ ಕೇಳಿಸಿತು. "ಮೀಟರ್ ನೋಡಿದ್ರೆ ಅಂಗಡಿಯಿಂದ ಈಗಷ್ಟೇ ಬಂದ ಕಾರು. ಸೀಟು ನೋಡಿದ್ರೆ ಭೂಮಿ ಸುತ್ತಿ ಬಂದ ಹಾಗಿದೆ. ಮೀಟರ್ ಹಿಂದಕ್ಕೆ ತಿರುಗ್ಸಿದಾರೇನೋ."

ಮೇಸ್ತ್ರಿ ಗೋಡೆ ಬಿಟ್ಟು ಮುಂದಕ್ಕೆ ಬಂದ. "ಏನ್ರೀ? ಅವನ ಹೆಣ ಇನ್ನೂ ಮನೇಲಿದೆ, ಅಷ್ಟರಲ್ಲೇ ಅವನನ್ನ ಕಳ್ಳ ಮಾಡ್ತಿದೀರಾ?"

"ಬಿಡು ಮೇಸ್ತ್ರಿ" ಎಂದಳು ಕಂಡಕ್ಟರಮ್ಮ. "ಅವರು ಕಂಡದ್ದನ್ನ ಹೇಳಿದ್ರು." ಹೊಸ್ತಿಲಿಳಿದು ಕಾರಿನ ಬಳಿಗೆ ಬಂದಳು. "ಎರಡೂ ನಿಜ ಕಣಪ್ಪ. ಇದು ಓಡಿಲ್ಲ. ನಾವು ಕೂತಿದೀವಿ. ದಿನಾ ಸಂಜೆ, ಶೆಡ್ಡಲ್ಲೇ."

"ಕೂತು ಏನು ಮಾಡ್ತಿದ್ರಿ?" ಎಂದು ಕೇಳಿದವಳು ಅವನ ಹೆಂಡತಿ.

"ಮಾತಾಡ್ತಿದ್ವಿ."

*

ಎದುರುಬದುರು ಕೂತಿದ್ದರೆ ಹೇಳಲಾಗದ ಎಷ್ಟೋ ಮಾತುಗಳನ್ನು ಅವರು ಆ ಕಾರಿನಲ್ಲಿ, ಇಬ್ಬರೂ ಮುಂದಿನ ಗಾಜನ್ನೇ ನೋಡುತ್ತ, ಹೇಳಿಕೊಂಡಿದ್ದರು. ಎರಡನೆಯ ಮಗು ನಿಲ್ಲಲಿಲ್ಲವೆಂದು ಅವಳು ಅತ್ತದ್ದು ಅಲ್ಲಿ. ಬಸ್ಸಿಗೆ ಅಡ್ಡ ಬಂದ ಸೈಕಲ್ಲಿನವನು ಬದುಕಿಕೊಂಡರೂ ಆ ಜಾಗಕ್ಕೆ ಬಂದರೆ ಕಾಲು ಇನ್ನೂ ತಾನಾಗೇ ಬ್ರೇಕಿಗೆ ಹೋಗುತ್ತದೆ ಎಂದು ಅವನು ಒಪ್ಪಿಕೊಂಡದ್ದು ಅಲ್ಲಿ. ಅತ್ತೆ ತೀರಿಕೊಂಡು ಮೈದುನ ಬೇರೆ ಊರಿಗೆ ಹೋಗಿ ಮಗಳ ಮದುವೆಯಾಗಿ ಮನೆಯೆಲ್ಲ ಇವರಿಬ್ಬರದೇ ಆದ ಮೇಲೂ, ಸಂಜೆಯಾದರೆ ಇಬ್ಬರೂ ಶೆಡ್ಡಿಗೆ ಹೋಗುತ್ತಿದ್ದರು. ಹಾಲಿನಲ್ಲಿ ಕೂತರೆ ಮಾತೇ ಹೊರಡುತ್ತಿರಲಿಲ್ಲ.

ಆಸ್ಪತ್ರೆಯಿಂದ ಒಬ್ಬನೇ ಬಂದ ದಿನ ಅವನು ಒಳಗೆ ಬರದೆ ನೇರವಾಗಿ ಕಾರಿನಲ್ಲಿ ಹೋಗಿ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಡಾಕ್ಟ್ರು ಏನಂದ್ರು?"

ಅವನು ವೈಪರ್ ಹಾಕಿದ. ಒಣ ಗಾಜಿನ ಮೇಲೆ ಅದು ಕಿರ್ ಕಿರ್ ಎಂದು ಆಡಿತು. ಅವನು ಆರಿಸಲಿಲ್ಲ. ಅವಳೂ ಆರಿಸೆನ್ನಲಿಲ್ಲ. ಬಹಳ ಹೊತ್ತಿನ ಮೇಲೆ, "ರಬ್ಬರ್ ಸವೆದುಹೋಗುತ್ತೆ, ನಿಲ್ಲಿಸ್ರೀ" ಎಂದಳು. ಅವನು ನಿಲ್ಲಿಸಿದ. ಆಮೇಲೆ ಹೇಳಿದ.

ಕೊನೆಕೊನೆಗೆ ಅಷ್ಟು ತಗ್ಗಿನ ಸೀಟಿನಿಂದ ಅವನಿಗೆ ಏಳಲು ಆಗುತ್ತಿರಲಿಲ್ಲ. ಅವಳು ಆಚೆ ಬದಿಗೆ ಬಂದು ಎರಡೂ ಕೈ ಹಿಡಿದು ಎಳೆಯಬೇಕಿತ್ತು. ಒಂದು ಸಲ ಎಳೆಯುವ ರಭಸಕ್ಕೆ ಅವಳೇ ಅವನ ಮೇಲೆ ಬಿದ್ದಳು. ಇಬ್ಬರಿಗೂ ಏಳಲಾಗದೆ, ನಗು ತಡೆಯಲಾಗದೆ, ಹಾಗೇ ಬಿದ್ದಿದ್ದರು.

"ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ!" ಎಂದಿದ್ದಳು ಅವಳು.

"ಆಕ್ಸಿಡೆಂಟ್ ಅಂದ್ಕೋತಾರೆ" ಎಂದಿದ್ದ ಅವನು.

*

"ಮೇಸ್ತ್ರಿ, ನಿಂಗೆ ಗೊತ್ತಿತ್ತು ಅಲ್ವಾ?"

ಕನ್ನಡಕದಂಗಡಿಯವರನ್ನು ನೆರಳಿಗೆ ಕಳಿಸಿ ಕಂಡಕ್ಟರಮ್ಮ ಮೇಸ್ತ್ರಿಯನ್ನು ಶೆಡ್ಡಿನ ಮೂಲೆಗೆ ಕರೆದಿದ್ದಳು. ಅವನು ಕಣ್ಣೊರೆಸಿಕೊಂಡ.

"ಪೇಪರಿಗೆ ಕೊಟ್ಟಿದ್ದೇ ನಾನು ಅತ್ತಿಗೆ. ಬೇಡ ಕಣೋ ಅಂತ ಎಷ್ಟು ಹೇಳಿದ್ರೂ ಅವನು ಕೇಳ್ಲಿಲ್ಲ. ನಾನು ಹೋದ್ಮೇಲೆ ಅವಳು ದಿನಾ ಸಂಜೆ ಬಾಗಿಲು ಹಾಕ್ಕೊಂಡು ಒಬ್ಳೇ ಹೋಗಿ ಅದರಲ್ಲಿ ಕೂತ್ಕೋತಾಳೆ, ಖಾಲಿ ಸೀಟಿನ ಜೊತೆ ಮಾತಾಡ್ತಾಳೆ, ಅದನ್ನ ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ ಅಂದ. ನಾನಿರೋವಾಗ್ಲೇ ಕಾರು ಹೋಗ್ಲಿ, ಬೈದ್ರೆ ನನ್ನ ಬೈತಾಳೆ ಅಂದ. ಅಷ್ಟರಲ್ಲಿ ಅವನೇ..."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾ ಮಾತನ್ನೂ ಅದರೊಳಗೇ ಕೂತು ಆಡಿದ ಮನುಷ್ಯ, ಇದೊಂದನ್ನ ಮಾತ್ರ ನಿನ್ನ ಹತ್ರ ಹೇಳಿದ್ರಾ? ನಾನು ಪಕ್ಕದಲ್ಲೇ ಕೂತಿದ್ನಲ್ಲ!"

ಅಂದವಳೇ ದಡದಡ ಅಂಗಳಕ್ಕೆ ಹೋಗಿ ತನ್ನ ಬದಿಯ ಬಾಗಿಲು ತೆರೆದು ಕಾರಿನೊಳಗೆ ಕೂತಳು. ಬಾಗಿಲು ಹಾಕಿಕೊಂಡಳು. ಜನ ಏನು ಮಾಡಬೇಕೋ ತಿಳಿಯದೆ ಬೇರೆ ಕಡೆ ನೋಡತೊಡಗಿದರು.

ಮಗಳು ಕಾರಿನ ಬಳಿಗೆ ಬಂದು ನಿಂತಳು. ಅಪ್ಪ ಅಮ್ಮ ಅದರೊಳಗಿದ್ದಾಗ ತಟ್ಟಬಾರದು ಎನ್ನುವುದು ಅವಳು ಚಿಕ್ಕಂದಿನಲ್ಲೇ ಕಲಿತ ಪಾಠ. ಈಗ ಟೀಚರಾಗಿ ಬೇರೆಯವರ ಮಕ್ಕಳಿಗೆ ಪಾಠ ಹೇಳುವವಳು, ಕೈ ಎತ್ತಿ, ಗಾಜು ಮುಟ್ಟದೆ ನಿಂತುಬಿಟ್ಟಳು. ಒಳಗಿನಿಂದ ಅಮ್ಮ ಕೈ ಚಾಚಿ ಡ್ರೈವರ್ ಬದಿಯ ಬಾಗಿಲು ತೆರೆದಳು.

"ಬಾ ಪುಟ್ಟೀ. ಕೂತ್ಕೋ."

ಮಗಳು ಕೂತಳು. ಬಾಗಿಲು ಹಾಕಿದೊಡನೆ ಅಂಗಳದ ಗುಜುಗುಜು ಕತ್ತರಿಸಿದಂತೆ ನಿಂತಿತು.

"ಇಷ್ಟು ನಿಶ್ಶಬ್ದವಾಗಿರುತ್ತಾ ಇಲ್ಲಿ!" ಎಂದಳು. ಸ್ವಲ್ಪ ತಡೆದು, ಮುಂದಿನ ಗಾಜನ್ನೇ ನೋಡುತ್ತ, "ಚಿಕ್ಕವಳಿದ್ದಾಗ ನಂಗೆ ಈ ಕಾರು ಕಂಡ್ರೆ ಆಗ್ತಿರ್ಲಿಲ್ಲ ಅಮ್ಮ. ನಿಮ್ಮಿಬ್ರಿಗೂ ನಾನು ಬೇಡ ಅಂದ್ಕೋತಿದ್ದೆ. ಶೆಡ್ಡಿನ ಬಾಗಿಲಾಚೆ ನಿಂತಿರ್ತಿದ್ದೆ."

"ಗೊತ್ತಿತ್ತು. ಬಾಗಿಲ ಕೆಳಗೆ ನಿನ್ನ ಕಾಲು ಕಾಣ್ತಿತ್ತು. ಕರೀಲಾ ಅಂತ ನಿಮ್ಮಪ್ಪ ಕೇಳೋರು. ನಾನೇ ಬೇಡ ಅಂತಿದ್ದೆ. ದಿನವೆಲ್ಲ ಕಂಡಕಂಡೋರ ಜೊತೆ ಗಂಟಲು ಹರ್ಕೊಂಡು ಬಂದಿರ್ತಿದ್ದೆ ಕಣೇ. ಇಲ್ಲಾದ್ರೂ ಮಾತಿಗೆ ಒಬ್ಬರೇ ಇರ್ಲಿ ಅನ್ನಿಸ್ತಿತ್ತು." ಅಮ್ಮ ಮೂಗೊರೆಸಿಕೊಂಡಳು. "ಆದ್ರೆ ಇಲ್ಲಿ ಕೂತು ಆಡ್ತಿದ್ದ ಮಾತೇನು ಗೊತ್ತಾ? ಪುಟ್ಟಿ ಊಟ ಮಾಡ್ಲಿಲ್ಲ, ಪುಟ್ಟಿ ಸಪ್ಪಗಿದಾಳೆ, ಪುಟ್ಟಿ ಲೆಕ್ಕದಲ್ಲಿ ಜಾಣೆ, ಯಾರನ್ನ ಹೋಲ್ತಾಳೋ. ನಿನ್ನ ಬಿಟ್ಟು ಬೇರೆ ಮಾತಾಡಿದ್ರೆ ತಾನೇ!"

ಮಗಳು ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತಳು. ಬೆಳಗಿನಿಂದ ಹೂವಿನವರಿಗೆ, ವ್ಯಾನಿನವರಿಗೆ, ನೆಂಟರಿಗೆ ಫೋನ್ ಮಾಡುತ್ತ ಓಡಾಡಿದವಳಿಗೆ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, ಅಳು ಮುಗಿಯುವವರೆಗೂ ಸವರಿದಳು.

"ಇಟ್ಕೊಳ್ಳೋಣ ಅಮ್ಮ ಇದನ್ನ" ಎಂದಳು ಮಗಳು ಕೊನೆಗೆ. "ಮಾರೋದು ಬೇಡ. ನಾನು ಆಗಾಗ ಬಂದು ಕೂತ್ಕೋತೀನಿ."

ಕಂಡಕ್ಟರಮ್ಮ ಹೊರಗೆ ನೋಡಿದಳು. ಗಾಜಿನಾಚೆ, ಗೋಡೆಯ ನೆರಳಿನಲ್ಲಿ, ಕನ್ನಡಕದಂಗಡಿಯವನೂ ಅವನ ಹೆಂಡತಿಯೂ ನಿಂತಿದ್ದರು. ಅವನು ಏನೋ ಹೇಳಲು ಹೊರಡುತ್ತಿದ್ದ. ಯಾರೋ ಕುರ್ಚಿ ಹಿಡಿದು ನಡುವೆ ಹಾದುಹೋಗುತ್ತಿದ್ದರು. ಅವಳು ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು. ಪಕ್ಕದವರು ತಿರುಗಿ ನೋಡುತ್ತಿದ್ದರು. ಇಬ್ಬರೂ ಸುಮ್ಮನಾಗುತ್ತಿದ್ದರು.

"ನೋಡೇ ಅಲ್ಲಿ" ಎಂದಳು. "ಪಾಪ, ಎಷ್ಟು ಒದ್ದಾಡ್ತಿದಾರೆ."

ಬಾಗಿಲು ತೆರೆದು ಕನ್ನಡಕದಂಗಡಿಯವನ ಹೆಂಡತಿಯನ್ನು ಕೈ ಬೀಸಿ ಕರೆದಳು. ತಾನು ಎದ್ದು ಆ ಹೆಂಗಸನ್ನು ತನ್ನ ಸೀಟಿನಲ್ಲಿ ಕೂರಿಸಿದಳು.

"ಅಂಗಡೀಲಿ ನೀವೂ ಇರ್ತೀರಾ?"

"ಇರ್ತೀನಿ ಅಮ್ಮ. ಅವರು ಕಣ್ಣು ನೋಡ್ತಾರೆ, ನಾನು ಗಾಜು ಕೂರಿಸ್ತೀನಿ. ಮಧ್ಯೆ ಗಿರಾಕಿ. ಮನೇಲಿ ಅವರಣ್ಣ ತಮ್ಮಂದಿರು, ಎಲ್ಲಾ ಒಟ್ಟಿಗೇ."

"ಕಾರಲ್ಲಿ ಕೂತ್ರೆ ತಲೆ ಸುತ್ತುತ್ತಾ?"

"ಇಲ್ಲಮ್ಮ."

"ಹಾಗಾದ್ರೆ ಓಡ್ಸಿ. ದೂರ ದೂರ ಹೋಗ್ಬೇಕು ಅಂತ ಹುಟ್ಟಿದ ಗಾಡಿ ಇದು, ನನ್ನ ದೆಸೆಯಿಂದ ಮೂಲೆ ಸೇರ್ತು. ಗಾಜು ಏರಿಸುವಾಗ ಕೈಯಲ್ಲಿ ಸ್ವಲ್ಪ ಒತ್ತು ಕೊಡಿ, ಇಲ್ಲಾಂದ್ರೆ ಸಿಕ್ಕಿಕೊಳ್ಳುತ್ತೆ. ಈ ಸೀಟು ಹಿಂದಕ್ಕೆ ಹೋಗಲ್ಲ, ಅದಕ್ಕೆ ಜಗಳ ಮಾಡ್ಬೇಡಿ." ಕನ್ನಡಕದಂಗಡಿಯವನ ಕಡೆ ತಿರುಗಿದಳು. "ಉಳಿದ ಮಾತೆಲ್ಲ ಇನ್ನೊಂದು ದಿನ ನನ್ನ ಅಳಿಯನ ಹತ್ರ ಆಡಿ. ಇವತ್ತು ನಮ್ಮ ಜೊತೆ ಸ್ಮಶಾನದವರೆಗೆ ಬನ್ನಿ. ಇದರಲ್ಲೇ ಬನ್ನಿ."

ಅವನು ತಲೆಯಾಡಿಸಿದ. ಮೇಸ್ತ್ರಿ ಬಂದು ಬಾನೆಟ್ ಎತ್ತಿದ.

*

ಶವದ ವ್ಯಾನು ಮುಂದೆ ಹೊರಟಿತು. ಮಗಳು, ಅಳಿಯ ಅದರಲ್ಲಿದ್ದರು. ಕಂಡಕ್ಟರಮ್ಮನನ್ನೂ ಅದರಲ್ಲೇ ಕೂರಿಸಲು ನೋಡಿದರು. ಕೂತು ಹೋದರೆ ದಾರಿಯಲ್ಲಿ ನಿಲ್ಲಿಸಬೇಕಾಗುತ್ತದೆ, ಇವತ್ತು ಅವರನ್ನು ಎಲ್ಲೂ ನಿಲ್ಲಿಸುವುದು ಬೇಡ ಎಂದಳು.

ಡಿಪೋದವರು ಒಂದು ಬಸ್ಸು ಕಳಿಸಿದ್ದರು. ಅವಳು ಹಿಂದಿನ ಬಾಗಿಲಿನಿಂದ ಹತ್ತಿದಳು. ಬಸ್ಸಿಗೆ ಬಸ್ಸೇ ಎದ್ದು ನಿಂತು ಜಾಗ ಬಿಟ್ಟಿತು. ಬೇಡವೆಂದು ಕೈ ಆಡಿಸಿ, ಕಾಲು ಸ್ವಲ್ಪ ಅಗಲಿಸಿ, ಹಿಂದಿನ ದೊಡ್ಡ ಗಾಜಿನ ಬಳಿ ನಿಂತಳು. ಬಸ್ಸು ಹೊರಟಿತು.

ಅಂಗಳದಿಂದ ಕಾರು ಹೊರಬಂದು ಬೀದಿಗೆ ತಿರುಗಿತು. ಮೊದಲು ಅಳುಕುತ್ತ, ಆಮೇಲೆ ನೀರಿನಲ್ಲಿ ಜಾರಿದಂತೆ ಬಂತು. ಪೆಟ್ರೋಲ್ ಬಂಕ್ ದಾಟಿತು. ಇಳಿಜಾರಿಗೆ ಇಳಿದಾಗ ಅದರ ಉದ್ದ ಮೂತಿ ಮೇಲೆ ಆಕಾಶ ಹರಿಯಿತು. ಅವಳು ಬಾಯಿ ತೆರೆದು ನೋಡಿದಳು. ಇಷ್ಟು ವರ್ಷ ಅದರೊಳಗೆ ಕೂತವಳು, ಅದು ಓಡುವಾಗ ಹೊರಗಿನಿಂದ ಹೇಗೆ ಕಾಣುತ್ತದೆಂದು ನೋಡಿಯೇ ಇರಲಿಲ್ಲ. ಎಷ್ಟು ಚೆಂದವಿತ್ತು! ಅವಳ ಗಂಡ ಕಟ್ಟಿದ ಗಾಡಿ.

ಕಾರಿನ ಮುಂದಿನ ಗಾಜಿನಲ್ಲಿ ಎರಡು ತಲೆಗಳು ಕಾಣುತ್ತಿದ್ದವು. ಮೊದಲು ಎರಡೂ ನೆಟ್ಟಗಿದ್ದವು, ಪರೀಕ್ಷೆಗೆ ಕೂತವರ ಹಾಗೆ. ಇಳಿಜಾರು ಮುಗಿದು ನೇರ ರಸ್ತೆ ಬಂದಾಗ ಹೆಂಗಸಿನ ತುಟಿ ಆಡಿತು. ಗಂಡಸು ತಲೆ ವಾಲಿಸಿದ. ಅವಳು ಮತ್ತೇನೋ ಹೇಳಿದಳು. ಈ ಸಲ ಅವನು ಪೂರ್ತಿ ತಿರುಗಿ, ರಸ್ತೆಯನ್ನು ಮರೆತು, ಅವಳ ಮುಖವನ್ನೇ ನೋಡಿದ.

"ಮುಂದೆ ನೋಡಪ್ಪಾ" ಎಂದಳು ಕಂಡಕ್ಟರಮ್ಮ, ಗಾಜಿಗೆ ಅಂಗೈ ಒತ್ತಿ. ಅವಳ ಉಸಿರಿಗೆ ಗಾಜು ಮಂಜಾಯಿತು. ಸೆರಗಿನಿಂದ ಅದನ್ನು ಒರೆಸಿ, ಮತ್ತೆ ನೋಡುತ್ತ ನಿಂತಳು.